ಹುಳಿಪುಡಿಗೆ ಮೆಂತ್ಯ ಎಷ್ಟು?

ಸಭೆಯ ಅಧ್ಯಕ್ಷರಾದ ವಿನೋದಿನಿ ಮೇಡಂ ಅವರೇ, ಮುಖ್ಯ ಅತಿಥಿಗಳೂ ಹೋಟೆಲ್ ಉದ್ಯಮಿಗಳೂ ಆದ ಸುಕೇಶ್ ಶೆಟ್ಟರೇ, ನಮ್ಮ ಸಂಘದ ಕಾರ್ಯದರ್ಶಿ ಸೋಮನಾಥ ಅವರೇ, ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಬುದ್ಧಿವಂತ ಸಭಿಕರೇ, ಫ್ಯಾನು ಸಿಗದೆ ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುವ ಉಳಿದ ಸಭಿಕರೇ, ಮತ್ತು ಎದುರಿಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿರುವ ಆ ಮೊಬೈಲಿನ ಮೂಲಕ ತಮ್ಮ ತಮ್ಮ ಮನೆಯಲ್ಲೇ ಕುಳಿತು ಈ ಕಾರ್ಯಕ್ರಮವನ್ನು ನೋಡುತ್ತಿರುವವರೇ, ಎಲ್ಲರಿಗೂ ನನ್ನ ವಂದನೆಗಳು.

ಮುಂಬಯಿಯ ಈ ಆಂಟಾಪ್ ಹಿಲ್ ನನಗೆ ಹೊಸದಲ್ಲ. ಸರ್ಕಾರಿ ನೌಕರಿಯಲ್ಲಿದ್ದಷ್ಟು ಕಾಲವೂ ಇಲ್ಲಿಯ ಕ್ವಾರ್ಟರ್ಸಿನಲ್ಲೇ ಇದ್ದವನು ನಾನು. ಇದೇ ಸಭಾಂಗಣದಲ್ಲಿ ಗಣೇಶೋತ್ಸವಕ್ಕೆ ಕುರ್ಚಿ ಜೋಡಿಸಿದ್ದೇನೆ, ರಾಜ್ಯೋತ್ಸವಕ್ಕೆ ಕೋಸಂಬರಿ ಹಂಚಿದ್ದೇನೆ, ಒಂದು ನಾಟಕದಲ್ಲಿ ದ್ವಾರಪಾಲಕನಾಗಿ ನಿಂತಲ್ಲೇ ತೂಕಡಿಸಿದ್ದೇನೆ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ದಹಿಸರಕ್ಕೆ ಹೋದೆವು. ಅಂಥ ದ್ವಾರಪಾಲಕನನ್ನು ಈ ದಿನ ಕರೆಸಿ, ಶಾಲು ಹೊದಿಸಿ, ಪೇಟ ಇಟ್ಟು, ಈ ಸೆಕೆಯಲ್ಲಿ ಕೂರಿಸಿದ್ದೀರಿ. ಇದಕ್ಕೆ ನಾನು ಏನೆಂದು ಹೇಳಲಿ?

ನಿರೂಪಣೆ ಮಾಡುತ್ತಿರುವ ಹುಡುಗಿ ನನ್ನನ್ನು ಪರಿಚಯಿಸುವಾಗ 'ಏಕಾಂಗಿ ಸಾಧಕ' ಎಂದಳು. ಇಳಿವಯಸ್ಸಿನಲ್ಲಿ ವೆಬ್‌ಸೈಟು ಕಟ್ಟಿ, ಯಾರ ನೆರವೂ ಇಲ್ಲದೆ ಹುಳಿಪುಡಿಯ ವ್ಯಾಪಾರ ನಡೆಸಿ, ಮುಂಬಯಿ ಕನ್ನಡಿಗರಿಗೆ ಮಾದರಿಯಾದ ರಾಮಸ್ವಾಮಿಯವರು ಎಂದಳು. ಮಗು, ನೀನು ತುಂಬ ಚೆನ್ನಾಗಿ ಓದಿದೆ. ಆದರೆ ಆ ವೆಬ್‌ಸೈಟು ಯಾಕೆ ಹುಟ್ಟಿತು ಎಂಬುದನ್ನು ನಿನಗೆ ಯಾರೂ ಬರೆದುಕೊಟ್ಟಿಲ್ಲ. ಅದನ್ನು ನಾನೇ ಹೇಳಬೇಕು.

ಈಗ ನೀವೆಲ್ಲ ನನ್ನ ಪಕ್ಕದ ಈ ಕುರ್ಚಿಯನ್ನು ನೋಡುತ್ತಿದ್ದೀರಿ. ನಮ್ಮ ಸಂಘದಲ್ಲಿ ಸನ್ಮಾನವೆಂದರೆ ದಂಪತಿಗಳಿಗೇ ಸನ್ಮಾನ, ಅದು ಮೊದಲಿನಿಂದ ಬಂದ ಪದ್ಧತಿ. ಗಂಡನಿಗೆ ಶಾಲು, ಹೆಂಡತಿಗೆ ಸೀರೆ. ಸೋಮನಾಥ ಅವರು ಫೋನು ಮಾಡಿದಾಗಲೇ ಅಮ್ಮನವರನ್ನು ಕರೆದುಕೊಂಡೇ ಬರಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು. ನಾನೂ ಒಪ್ಪಿದ್ದೆ. ನಿಜ ಹೇಳಬೇಕೆಂದರೆ ಆ ಒಂದು ಕಾರಣಕ್ಕಾಗಿಯೇ ಈ ಸನ್ಮಾನಕ್ಕೆ ಒಪ್ಪಿದ್ದೆ. ಆದರೆ ಬೆಳಿಗ್ಗೆ ಮಗಳ ಡ್ಯೂಟಿ ಬದಲಾಯಿತು, ಮೊಮ್ಮಗಳಿಗೆ ನೆಗಡಿ, ಅಮ್ಮನವರಿಗೆ ಬರಲಾಗಲಿಲ್ಲ. ಹೀಗಾಗಿ ಅವರ ಸೀರೆ, ಅರಿಶಿನ ಕುಂಕುಮದ ತಟ್ಟೆ, ತೆಂಗಿನಕಾಯಿ ನನ್ನ ಪಕ್ಕದಲ್ಲಿ ಕುಳಿತಿವೆ.

ನನ್ನ ಹೆಂಡತಿ ಶಾಮಲಾ ಎಲ್ಲಿದ್ದಾಳೆ? ಅಮೆರಿಕದಲ್ಲಿಲ್ಲ, ಸ್ವಾಮಿ. ಅಂಧೇರಿಯಲ್ಲಿದ್ದಾಳೆ. ದಹಿಸರದಲ್ಲಿ ಮೆಟ್ರೋ ಹತ್ತಿದರೆ ಅಂಧೇರಿಯಲ್ಲಿ ಇಳಿಯುವುದು, ನಡುವೆ ಗಾಡಿ ಬದಲಿಸುವ ಗೋಜೂ ಇಲ್ಲ. ಮಗಳು ಸಾಧನಾಗೆ ಏರ್‌ಪೋರ್ಟಿನಲ್ಲಿ ಕೆಲಸ, ಪಾಳಿ ಯಾವಾಗ ಬರುತ್ತದೋ ಅವಳಿಗೇ ಗೊತ್ತಿಲ್ಲ. ಅಳಿಯ ತುಷಾರನಿಗೆ ಸಿನಿಮಾ ಎಡಿಟಿಂಗ್ ಕೆಲಸ, ಅವನು ಯಾವಾಗ ಮಲಗುತ್ತಾನೋ ದೇವರಿಗೇ ಗೊತ್ತು. ಮೊಮ್ಮಗಳು ಧಾತ್ರಿ ಹುಟ್ಟಿದಾಗ, ಬಾಣಂತನ ಮುಗಿಸಿ ಬರುತ್ತೇನೆ ಎಂದು ಶಾಮಲಾ ಹೋದಳು. ಬಾಣಂತನ ಮುಗಿಯಿತು. ಮಗು ಅಂಬೆಗಾಲಿಡಲಿ ಎಂದಳು. ಅಂಬೆಗಾಲಿಟ್ಟಿತು, ನಡೆಯಿತು, ಓಡಿತು. ಪ್ಲೇಸ್ಕೂಲಿಗೆ ಹೊಂದಿಕೊಳ್ಳಲಿ ಎಂದಳು. ಈಗ ಧಾತ್ರಿ ಒಂದನೇ ಕ್ಲಾಸು. ನಾನು ಭಾನುವಾರ ಭಾನುವಾರ ಹೋಗಿ ಊಟ ಮಾಡಿ ಬರುತ್ತೇನೆ. ಅವರದು ಒಂದೇ ಬೆಡ್‌ರೂಮಿನ ಮನೆ, ಅಳಿಯ ಹಾಲಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಾನೆ, ನಾನು ಕಾಲು ಚಾಚುವುದೆಲ್ಲಿ? ಸಂಜೆ ಚಪ್ಪಲಿ ಮೆಟ್ಟಿಕೊಂಡರೆ ಧಾತ್ರಿ ಟಾಟಾ ಮಾಡುತ್ತಾಳೆ. ಅವಳ ಹಿಂದೆ ನಿಂತು ಅಜ್ಜಿಯೂ ಟಾಟಾ ಮಾಡುತ್ತಾಳೆ.

ಮಗಳ ಮೇಲೆ ದೂರು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಸಾಧನಾ, ನೀನಂತೂ ಮೊದಲೇ ತಿಳಿಯಬೇಡ. ನಿಮಗೆ ಬೇರೆ ದಾರಿ ಇರಲಿಲ್ಲ. ಆದರೆ ಮನೆ ಬಿಕೋ ಅನ್ನುತ್ತದೆ. ಯಾರಲ್ಲಿ ಹೇಳಿಕೊಳ್ಳುವುದು? ಬಿಲ್ಡಿಂಗಿನಲ್ಲಿ ಹೇಳಿದರೆ, ಅಂಕಲ್, ಅಂಧೇರಿ ತೋ ಹೈ, ಇಲ್ಲೇ ತಾನೇ ಎಂದು ನಗುತ್ತಾರೆ. ಹೆಂಡತಿ ತೀರಿಕೊಂಡವನಿಗೆ ಜನ ಮರುಗುತ್ತಾರೆ, ಹೆಂಡತಿ ಬಿಟ್ಟುಹೋದವನಿಗೂ ಮರುಗುವವರಿದ್ದಾರೆ. ಹೆಂಡತಿ ಅಂಧೇರಿಗೆ ಹೋದವನಿಗೆ ಮರುಗುವವರು ಯಾರು?

ಆಗ ನಾನೊಂದು ಉಪಾಯ ಹೂಡಿದೆ. ಶಾಮಲಾಳ ಹುಳಿಪುಡಿ ಇದೇ ಆಂಟಾಪ್ ಹಿಲ್‌ನಲ್ಲಿ ಪ್ರಸಿದ್ಧವಾಗಿತ್ತು. ಅವಳು ಹುರಿಯಲು ನಿಂತರೆ ಮೂರು ಮಹಡಿಯವರು ಬಟ್ಟಲು ಹಿಡಿದು ಬರುತ್ತಿದ್ದರು. ಸುಕೇಶ್ ಶೆಟ್ಟರು ಕ್ಷಮಿಸಬೇಕು, ತಮ್ಮ ಹೋಟೆಲಿನ ಸಾಂಬಾರು ಒಳ್ಳೆಯದೇ, ಆದರೆ ಮೈಸೂರಿನವನ ನಾಲಗೆಗೆ ಅದು ಪಾಯಸದ ತಂಗಿ. ಇರಲಿ. ಆ ಹುಳಿಪುಡಿಯನ್ನು ಮಾರಲು ಒಂದು ವೆಬ್‌ಸೈಟು ಮಾಡಿದರೆ ಹೇಗೆ? ಆರ್ಡರು ಬರುತ್ತವೆ. ಪುಡಿ ಮಾಡಲು ನನಗೆ ಬರುವುದಿಲ್ಲ. ವಿಧಿಯಿಲ್ಲದೆ ಅವಳು ದಹಿಸರಕ್ಕೆ ಬರಲೇಬೇಕು. ಸಭಿಕರೇ, ಇದೇ ನನ್ನ ಉದ್ಯಮಶೀಲತೆ.

ತುಷಾರನೇ ವೆಬ್‌ಸೈಟು ಮಾಡಿಕೊಟ್ಟ. ಹೆಸರು ಏನಿಡೋಣ ಎಂದು ಕೇಳಿದ. ಮನೆಯಲ್ಲಿ ನಾನು ಅವಳನ್ನು 'ಇವಳೇ' ಎಂದೇ ಕರೆಯುವುದು, ಮದುವೆಯಾದಂದಿನಿಂದ ಹೆಸರು ಹಿಡಿದು ಕರೆದವನಲ್ಲ. ಅಳಿಯನ ಎದುರು ನಾಚಿಕೆ ಬಿಟ್ಟು 'ಶಾಮಲಾ ಹುಳಿಪುಡಿ' ಎಂದು ಟೈಪು ಮಾಡಿದೆ. ವೆಬ್‌ಸೈಟಿನಲ್ಲಿ ಈಗ ಎಷ್ಟು ಜನ ಇದ್ದಾರೆ ಎಂದು ತೋರಿಸುವ ಒಂದು ಕಿಂಡಿಯಿದೆ. ಮೊದಲ ವಾರವೆಲ್ಲ ಅದರಲ್ಲಿ ಒಬ್ಬರು ಇದ್ದೇ ಇರುತ್ತಿದ್ದರು. ನಾನು ಕಾಫಿ ಕುಡಿಯುವಾಗಲೂ ಒಬ್ಬರು, ಊಟ ಮಾಡುವಾಗಲೂ ಒಬ್ಬರು. ಯಾರೋ ಪುಣ್ಯಾತ್ಮರು ಬಿಟ್ಟೂಬಿಡದೆ ನೋಡುತ್ತಿದ್ದಾರೆ ಎಂದು ನನಗೆ ಎಷ್ಟು ಖುಷಿ! ತುಷಾರನಿಗೆ ಹೇಳಿದೆ. ಅವನು, "ಮಾವ, ಟೆನ್ಷನ್ ಮತ್ ಲೋ, ಅದು ನೀವೇ" ಎಂದ.

ಆಮೇಲೆ ನಾನು ಪ್ರಚಾರಕ್ಕೆ ಇಳಿದೆ. ಕನ್ನಡಿಗರ ವಾಟ್ಸಾಪ್ ಗುಂಪು ಒಂದನ್ನೂ ಬಿಡಲಿಲ್ಲ, ಎರಡು ಗುಂಪುಗಳಿಂದ ನನ್ನನ್ನು ಹೊರಹಾಕಿದರು. ಸ್ಕ್ಯಾನ್ ಮಾಡುವ ಚೌಕದ ಚೀಟಿ ಅಚ್ಚು ಹಾಕಿಸಿ, ಮದುವೆಮನೆಗಳಲ್ಲಿ ತಾಂಬೂಲದ ಚೀಲಕ್ಕೆ ಸೇರಿಸಿದೆ. ಗೂಗಲ್‌ನಲ್ಲಿ ಮೇಲೆ ಬರಬೇಕಾದರೆ ಜನ ಹುಡುಕುವ ಮಾತುಗಳು ನಮ್ಮ ಪುಟದಲ್ಲಿರಬೇಕು ಎಂದು ತುಷಾರ್ ಹೇಳಿದ. ಬಿಸಿಬೇಳೆಬಾತ್, ತಿಳಿಸಾರು, ಅಮ್ಮನ ಅಡುಗೆ, ಊರಿನ ರುಚಿ ಎಂದು ಕುಳಿತು ಬರೆದೆ. ಕೆಲವು ಗ್ರಾಹಕರು ಚಾಟ್‌ನಲ್ಲಿ, ಶಾಮಲಾ ಆಂಟಿ ಇದ್ದಾರಾ ಎಂದು ಕೇಳುತ್ತಾರೆ. ಒಲೆಯ ಮುಂದೆ ಇದ್ದಾರೆ, ಆಮೇಲೆ ಬರುತ್ತಾರೆ ಎಂದು ಉತ್ತರ ಕೊಡುತ್ತೇನೆ. ಹಾಗೆ ಬರೆದ ಮೇಲೆ ಒಂದು ಸಲ ಅಡುಗೆಮನೆಯ ಕಡೆ ನೋಡಿಯೂ ನೋಡುತ್ತೇನೆ.

ಕೊನೆಗೂ ಮುಲುಂಡಿನ ಒಂದು ಬಿಲ್ಡಿಂಗಿನ ಹೆಂಗಸರೆಲ್ಲ ಸೇರಿ ದೊಡ್ಡ ಆರ್ಡರು ಕೊಟ್ಟರು. ಗೆದ್ದೆ ಎಂದುಕೊಂಡು ಶಾಮಲಾಗೆ ಫೋನು ಮಾಡಿದೆ. ನೀನು ಬಾರದಿದ್ದರೆ ಮರ್ಯಾದೆ ಹೋಗುತ್ತದೆ ಎಂದೆ. ಧಾತ್ರಿಗೆ ಆಗ ಜ್ವರ. ಶಾಮಲಾ, "ಫೋನ್ ಇಡಬೇಡಿ. ಬಾಣಲೆ ಒಲೆ ಮೇಲಿಡಿ, ನಾನು ಹೇಳ್ತಾ ಹೋಗ್ತೀನಿ" ಎಂದಳು.

ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟೆ. ಕೊತ್ತಂಬರಿ ಬೀಜ ಹಾಕಿದೆ. ಫೋನು ಇಟ್ಟದ್ದು ಅವಳು ನೋಡುವುದಕ್ಕಲ್ಲ ಸ್ವಾಮಿ, ಕೇಳುವುದಕ್ಕೆ! ಚಟಪಟ ಸದ್ದು ಅಂಧೇರಿಗೆ ಕೇಳಬೇಕು. ಸದ್ದು ಜೋರಾದರೆ ಉರಿ ತಗ್ಗಿಸಿ ಎನ್ನುತ್ತಿದ್ದಳು. ನಾನು ಅತ್ತಿತ್ತ ನೋಡಿದರೆ, "ಸೌಟು ಆಡಿಸೋದು ನಿಲ್ಲಿಸಿದ್ರಿ, ನಂಗೆ ಕೇಳುತ್ತೆ" ಎನ್ನುತ್ತಿದ್ದಳು. ಮೆಂತ್ಯದ ಸರದಿ ಬಂದಾಗ ಎಷ್ಟು ಹಾಕಲಿ ಎಂದೆ. ನಿಮ್ಮ ಅಂಗೈ ಗುಂಡಿ ತುಂಬುವಷ್ಟು, ಕೆಂಪಗಾಗುತ್ತಲೇ ಇಳಿಸಿ, ಕಪ್ಪಾದರೆ ಎಲ್ಲ ಕಹಿ ಎಂದಳು. ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಘಾಟಿಗೆ ನಾನು ಸೀನುತ್ತ ಸೀನುತ್ತ ಕನ್ನಡಕ ಬಾಣಲೆಗೆ ಬೀಳಿಸಿಕೊಂಡು, ಅಯ್ಯೋ ಕನ್ನಡಕ ಎಂದೆ. ಆ ಕಡೆಯಿಂದ ಅವಳು ನಕ್ಕಳು ನೋಡಿ! ಮಗು ಮಲಗಿದೆ ಎಂಬುದನ್ನೂ ಮರೆತು ನಕ್ಕಳು. ಹೊಸದಾಗಿ ಮದುವೆಯಾಗಿ ಇದೇ ಕ್ವಾರ್ಟರ್ಸಿಗೆ ಬಂದಾಗ ಹಾಗೆ ನಗುತ್ತಿದ್ದಳು, ಆಮೇಲೆ ನಾನು ಕೇಳಿದ್ದು ಅಂದೇ. ಆ ದಿನ ನನ್ನ ಮನೆಯಲ್ಲಿ ಹೆಂಡತಿ ಇದ್ದಳು.

ಹೀಗೆ ಪ್ರತಿ ವಾರವೂ ಹುರಿದೆವು. ನಾನು ಒಲೆಯ ಮುಂದೆ, ಅವಳು ಉಪ್ಪಿನ ಡಬ್ಬಿಯ ಪಕ್ಕದಲ್ಲಿ. ಅವಳನ್ನು ಕರೆಸುವ ಉಪಾಯ ನನಗೆ ಮರೆತೇಹೋಯಿತು. ಆದರೆ ಎಷ್ಟು ದಡ್ಡನಾದರೂ ಮಾಡುತ್ತ ಮಾಡುತ್ತ ಕಲಿತುಬಿಡುತ್ತಾನಲ್ಲ, ಅದೇ ಕಷ್ಟ. ಒಂದು ಸಲ ಅವಳ ಫೋನು ಸಿಗದೆ ನಾನೊಬ್ಬನೇ ಹುರಿದು, ಚಕ್ಕಿಯಲ್ಲಿ ಪುಡಿ ಮಾಡಿಸಿ, ಭಾನುವಾರ ಅಂಧೇರಿಗೆ ಒಯ್ದೆ. ಏನಾದರೂ ತಪ್ಪು ಹೇಳುತ್ತಾಳೆ ಎಂದು ಕಾದೆ. ಅವಳು ಅದರಲ್ಲೇ ಹುಳಿ ಮಾಡಿ, ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು, ತಟ್ಟೆಯನ್ನೇ ನೋಡುತ್ತ ಕುಳಿತಳು.

"ನಂದಕ್ಕಿಂತ ಚೆನ್ನಾಗಿದೆ ಕಣ್ರೀ" ಎಂದಳು. "ಇನ್ನು ನಿಮ್ಮ ಚಿಂತೆ ಇಲ್ಲ ಬಿಡಿ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮಗಳು ಚಪ್ಪಾಳೆ ತಟ್ಟಿದಳು. ಅಪ್ಪ ಈಗ ಒಬ್ಬರೇ ಎಲ್ಲ ನಿಭಾಯಿಸ್ತಾರೆ ಎಂದು ಎಲ್ಲರಿಗೂ ಹೇಳಿದಳು. ಅಮ್ಮ ದಹಿಸರಕ್ಕೆ ಹೋಗಲೇಬೇಕು ಎನ್ನುವುದಕ್ಕೆ ಉಳಿದಿದ್ದ ಒಂದೇ ಒಂದು ಕಾರಣವನ್ನು ನಾನೇ ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿ ಒಯ್ದುಕೊಟ್ಟಿದ್ದೆ.

ಆದರೂ ನಾನು ಬಿಡಲಿಲ್ಲ. ಗೊತ್ತಿದ್ದೂ ಕೇಳತೊಡಗಿದೆ. ಇವಳೇ, ಮೆಂತ್ಯ ಎಷ್ಟು ಹಾಕಬೇಕು? ಅಂಗೈ ಗುಂಡಿ ತುಂಬುವಷ್ಟು ಎನ್ನುತ್ತಿದ್ದಳು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಅವಳಿಗೆ ತಿಳಿಯಲಿಲ್ಲ ಎನ್ನುತ್ತೀರಾ? ಸೌಟು ನಿಂತದ್ದು ಅಂಧೇರಿಗೆ ಕೇಳುವವಳಿಗೆ ಇದು ಕೇಳದೆ ಇದ್ದೀತೇ? ತಿಳಿದೂ ಹೇಳುತ್ತಿದ್ದಳು.

ಅದನ್ನೂ ನಾನೇ ಹಾಳುಮಾಡಿಕೊಂಡೆ. ವೆಬ್‌ಸೈಟಿಗೆ ವೀಡಿಯೋ ಇದ್ದರೆ ಜನ ಹೆಚ್ಚು ಬರುತ್ತಾರೆ ಎಂದು ತುಷಾರ್ ಹೇಳಿದ. ನಾನು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಒಲೆಯ ಮುಂದೆ ನಿಂತು, ಮೆಂತ್ಯ ಇಷ್ಟು, ಇಂಗು ಇಷ್ಟು, ಕಪ್ಪಾದರೆ ಕಹಿ ಎಂದು ದೊಡ್ಡ ಮೇಷ್ಟರ ಹಾಗೆ ಹೇಳಿದೆ. ಅದು ಎಲ್ಲೆಲ್ಲೋ ಓಡಾಡಿತು. ನೀವೆಲ್ಲ ನೋಡಿದಿರಿ, ಈ ಸನ್ಮಾನವೂ ಅದರಿಂದಲೇ ಬಂತು. ಶಾಮಲಾಳೂ ನೋಡಿದಳು. ಮುಂದಿನ ಸಲ ನಾನು ಫೋನು ಮಾಡಿ ಮೆಂತ್ಯದ ಮಾತು ಎತ್ತಿದಾಗ, "ನಿಮಗೇ ಗೊತ್ತಲ್ಲ, ಊರಿಗೆಲ್ಲ ಹೇಳಿಕೊಡ್ತೀರಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಮೆಲ್ಲಗೇ ಹೇಳಿದಳು. ಅಂದಿನಿಂದ ನಾನು ಕೇಳಿಲ್ಲ. ಉಪ್ಪಿನ ಡಬ್ಬಿಯ ಪಕ್ಕ ಈಗ ಏನೂ ಇರುವುದಿಲ್ಲ.

ಆರ್ಡರಿಗೆ ಬರವಿಲ್ಲ. ಥಾಣೆ, ವಾಶಿ, ಪುಣೆ, ಎಲ್ಲ ಕಡೆಯಿಂದ ಬರುತ್ತವೆ. ವೆಬ್‌ಸೈಟಿನ ಆ ಕಿಂಡಿಯಲ್ಲಿ ಈಗ ಎಷ್ಟೋ ಜನ ಇರುತ್ತಾರೆ, ನಾನು ಮುಚ್ಚಿದರೂ ಇರುತ್ತಾರೆ. ಏಕಾಂಗಿ ಸಾಧಕ ಎಂದೆಯಲ್ಲ ಮಗು, ಅದರಲ್ಲಿ ಮೊದಲನೆಯ ಮಾತು ಮಾತ್ರ ನಿಜ. ಸಾಧಿಸಬೇಕೆಂದು ಹೊರಟದ್ದು ಒಂದೇ ಒಂದು, ಅದು ಆಗಲಿಲ್ಲ. ಈ ಕುರ್ಚಿ ನಿಮ್ಮ ಕಣ್ಣೆದುರಿಗೇ ಇದೆ.

ಸೋಮನಾಥ ಅವರು ಗಡಿಯಾರ ತೋರಿಸುತ್ತಿದ್ದಾರೆ. ಮಕ್ಕಳ ನೃತ್ಯವಿದೆ, ಮುಗಿಸುತ್ತೇನೆ. ಒಂದು ನಿಮಿಷ, ತಮ್ಮಾ, ಆ ಮೊಬೈಲನ್ನು ಸ್ಟ್ಯಾಂಡಿನಿಂದ ತೆಗೆದು ಸ್ವಲ್ಪ ಹತ್ತಿರ ಹಿಡಿದುಕೋ. ಸಾಕು.

ಇವಳೇ, ನೋಡುತ್ತಿದ್ದೀಯ ಎಂದು ಗೊತ್ತು. ಧಾತ್ರಿ ತೊಡೆಯ ಮೇಲೆ ಇದ್ದಾಳು. ವೀಡಿಯೋದಲ್ಲಿ ಹೇಳಿದ್ದೆಲ್ಲ ಬರಿಯ ಬಾಯಿಪಾಠ. ನಾಳೆ ಹೊಸ ಪುಡಿ ಹುರಿಯಬೇಕು, ಮೆಂತ್ಯ ಎಷ್ಟು ಹಾಕಬೇಕೋ ನನಗೆ ಮರೆತುಹೋಗಿದೆ. ಸುಳ್ಳಲ್ಲ, ಇಷ್ಟು ಜನರ ಎದುರು ಹೇಳುತ್ತಿದ್ದೇನೆ. ಫೋನಿನಲ್ಲಿ ಹೇಳಬೇಡ, ಈಚೆಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ. ಮಗುವನ್ನೂ ಕರೆದುಕೊಂಡು ಬಾ. ಸ್ಕೂಲಿಗೆ ಒಂದು ದಿನ ರಜೆ ಹಾಕಿದರೆ ಮುಂಬಯಿ ಮುಳುಗುವುದಿಲ್ಲ. ಬಂದು, ನನ್ನ ಅಂಗೈ ಹಿಡಿದು, ಎಷ್ಟು ಅಂತ ತೋರಿಸಿ ಹೋಗು.

ಈ ಸೀರೆಯನ್ನು ನಾನು ಅಂಧೇರಿಗೆ ತರುವುದಿಲ್ಲ. ದಹಿಸರದ ಮನೆಯಲ್ಲಿ ಇಟ್ಟಿರುತ್ತೇನೆ.

ಕರೆದು ಕೂರಿಸಿದ ಸಂಘಕ್ಕೆ, ತಾಳ್ಮೆಯಿಂದ ಕೇಳಿದ ನಿಮಗೆ, ಪಾಯಸದ ಮಾತಿಗೆ ಬೇಸರಿಸದ ಶೆಟ್ಟರಿಗೆ, ಮೊಬೈಲು ಹಿಡಿದು ಕೈ ಸೋತ ಆ ಹುಡುಗನಿಗೆ ನನ್ನ ಕೃತಜ್ಞತೆಗಳು. ನಮಸ್ಕಾರ.