ನಂಬರು ಕೂಡದ ರೈಫಲ್ಲು

ಕೊಪ್ಪಳದ ಡಿ.ಸಿ. ಕಚೇರಿಯಲ್ಲಿ ಬಂದೂಕಿನ ಲೈಸೆನ್ಸಿಗೆ ಕಾಯುವವರ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಕಾಲೇಜು ಹುಡುಗಿ, ಅವಳ ಕಾಕಾ ಕುಳಿತಿದ್ದರು. ಕಾಕಾನ ಕೈಯಲ್ಲಿ ಗುರಿಯಿಟ್ಟು ಗುಂಡು ಹೊಡೆದು ತೂತು ಬಿದ್ದ ಒಂದು ರಟ್ಟಿನ ಚೀಟಿ ಇತ್ತು.

"ಫ್ಯಾಕ್ಟರಿ ಮಾಲು ಅಮೃತಾ. ಐದೂ ಗುಂಡು ಒಂದ ತೂತಿನ್ಯಾಗ ಹೋಗ್ಯಾವ, ನೋಡು."

"ನೋಡೀನಿ ಕಾಕಾ. ಆದ್ರ ಈ ಚೀಟಿ ಅದ ರೈಫಲ್ಲಿಂದು ಅಂತ ಯಾರು ಹೇಳಿದ್ರು?"

"ಗಂಗಾವತಿ ಉಮಾಪತಿ. ರೈಫಲ್ ಮಾರಾಂವ ಅವನ. ನನ್ನ ಜೋಡಿ ಸಾಲಿ ಕಲ್ತಾಂವ, ನನಗ ಸುಳ್ಳು ಹೇಳ್ತಾನೇನು?"

"ಫ್ಯಾಕ್ಟರಿಯವರು ಹೊಡದು ನೋಡಿ ಚೀಟಿ ಮ್ಯಾಲ ರೈಫಲ್ಲಿನ ನಂಬರ್ ಬರದಾರ. ಕಡೀಕ ನಲವತ್ತೊಂದು ಐತಿ. ಅವರು ತೋರ್ಸಿದ ರೈಫಲ್ಲಿನ ನಳಿಗಿ ಮ್ಯಾಲ ಹದಿನಾಲ್ಕು."

"ತಿರುಗಾಮುರುಗಾ ಬರದಿರ್ತಾರ ಬಿಡು."

"ಹಂಗಾದ್ರ ನಮ್ಮ ಶೂಟಿಂಗ್ ಕ್ಲಬ್ಬಿಗೆ ತರ್ರಿ, ನಾ ಹೊಡದು ನೋಡ್ತೀನಿ ಅಂದ್ರ ಅವರು ಯಾಕ ಒಲ್ಲೆ ಅಂದ್ರು? ಅವತ್ತಿಂದ ನನ್ನ ಫೋನೂ ಎತ್ತವಲ್ರು. ರಾಜ್ಯ ಸ್ಪರ್ಧಾ ಬರೂ ತಿಂಗಳ ಐತಿ ಕಾಕಾ. ಗುಂಡು ಒಂದು ಕೂದಲೆಳಿ ಆಚೆ ಬಿದ್ರೂ ನಾ ಹೊರಗ."

ಕಾಕಾ ಚೀಟಿಯ ಮೇಲಿನ ನಂಬರನ್ನು ಮತ್ತೊಮ್ಮೆ ಓದಿದರು. ಆಮೇಲೆ ಫೋನ್ ಹಚ್ಚಿದರು.

"ಉಮಾಪತಿ, ರೈಫಲ್ ತಗೊಂಡು ಕ್ಲಬ್ಬಿಗೆ ಬಾರಪಾ. ಹುಡುಗಿ ಐದ ಗುಂಡು ಹೊಡೀತಾಳ... ಯಾಕ?... ಅಲ್ಲೋ, ಯಾಕ ಅಂತೀನಿ?"

ಫೋನ್ ಕೆಳಗಿಟ್ಟರು.

"ಏನಂದ್ರು ಕಾಕಾ?"

"ಹೊಡದು ನೋಡಾಕ ಕೊಡೂದಿಲ್ಲಂತ, ಬ್ಯಾರೆ ಗಿರಾಕಿ ಅದಾರಂತ."

ಒಳಗಿನಿಂದ ಅಮೃತಾಳ ಹೆಸರು ಕೂಗಿದರು. ಕಾಕಾ ಎದ್ದು ಅವಳ ಫೈಲು ತಾವೇ ಎತ್ತಿಕೊಂಡರು.

"ನಡಿ, ಲೈಸೆನ್ಸ್ ಮಾಡಿಸೋಣು. ಇನ್ನೊಂದು ರೈಫಲ್ ನೋಡಿದ್ರಾತು. ಈ ಸಲ ನೀ ಹೊಡದು ನೋಡು. ಆಮ್ಯಾಲ ನಾ ರೇಟು ಮಾತಾಡ್ತೀನಿ."

ಇಬ್ಬರೂ ಒಳಗೆ ಹೋದರು.