ಯೂಸುಯಿಯ ನಾನೂರ ಐವತ್ತು

ವೇದಿಕೆಯ ಮೇಲಿರುವ ಮಾನ್ಯ ಪ್ರಾಂಶುಪಾಲರೇ, ಈ ಚಳಿಯಲ್ಲೂ ಕೋಟಿನ ಗುಂಡಿ ಹಾಕದೆ ಠೀವಿಯಿಂದ ಕುಳಿತಿರುವ ಶಿಕ್ಷಣ ಕಚೇರಿಯ ಅತಿಥಿಗಳೇ, ಉಪಾಧ್ಯಾಯರೇ, ನನ್ನ ಹಾಗೆಯೇ ಬೆಳಗಿನ ತಿಂಡಿ ಬಿಟ್ಟು ಓಡಿ ಬಂದಿರುವ ತಂದೆ ತಾಯಿಯರೇ, ಹಣೆಗೆ ಕೆಂಪು ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತಿರುವ ಅಂತಿಮ ವರ್ಷದ ಮಕ್ಕಳೇ, ಸಭಿಕರೇ,

ಎಲ್ಲರಿಗೂ ವಂದನೆಗಳು. ಕಾಲೇಜು ಪ್ರವೇಶ ಪರೀಕ್ಷೆಗೆ ಇನ್ನು ಸರಿಯಾಗಿ ನೂರು ದಿನ. ಈ ಪ್ರತಿಜ್ಞಾ ಸಮಾರಂಭದಲ್ಲಿ ಪೋಷಕರ ಪರವಾಗಿ ಮಾತನಾಡಲು ನನ್ನನ್ನು ಏಕೆ ಆರಿಸಿದರು? ನಾನು ವಿದ್ವಾಂಸನೇ? ಅಲ್ಲ. ಅಧಿಕಾರಿಯೇ? ಅಲ್ಲವೇ ಅಲ್ಲ. ಕ್ವಾಂಗ್ ದೆಫಾ ಎಂಬ ನಾನು ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿರುವವನು. ಕೊನೆಯಲ್ಲಿ ಪ್ರತಿಜ್ಞೆ ಹೇಳಿಕೊಡಲು ಮೈಕ್ ಕೆಟ್ಟರೂ ಕೇಳಿಸುವ ಗಂಟಲು ಬೇಕಾಗಿತ್ತಂತೆ. ಆ ಗಂಟಲು ನನಗಿದೆ, ನನ್ನ ಬೈಗುಳ ತಿಂದವರು ಈ ಸಭೆಯಲ್ಲೇ ಇಪ್ಪತ್ತು ಜನ ಇದ್ದೀರಿ. ನಗಬೇಡಿ, ಪ್ರಾಂಶುಪಾಲರೂ ನನ್ನಲ್ಲೇ ಕಲಿತವರು.

ನನಗೆ ಇಂದು ಎಷ್ಟು ಸಂಭ್ರಮವೆಂದರೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನನ್ನ ಮಗಳು ಯೂಸುಯಿ, ಏಳನೆಯ ವಿಭಾಗ, ಮೂರನೆಯ ಸಾಲು, ತಲೆ ತಗ್ಗಿಸಿ ನಿಂತಿದ್ದಾಳಲ್ಲ, ಅವಳೇ. ಏಳುನೂರ ಐವತ್ತಕ್ಕೆ ನವೆಂಬರಿನಲ್ಲಿ ಮುನ್ನೂರ ತೊಂಬತ್ತೆಂಟು. ಡಿಸೆಂಬರಿನಲ್ಲಿ ನಾನೂರ ಹನ್ನೆರಡು. ಜನವರಿಯಲ್ಲಿ ನಾನೂರ ಮೂವತ್ತೊಂದು. ಮೂವತ್ತಮೂರು ಅಂಕ ಏರಿಸಿದ್ದಾಳೆ, ಸಭಿಕರೇ. ಇದಕ್ಕೊಂದು ಚಪ್ಪಾಳೆ ಬೇಡವೇ? ಮುಂದಿನ ಸಾಲಿನವರು ಯಾಕೋ ಹಿಂದೆ ಮುಂದೆ ನೋಡುತ್ತಿದ್ದೀರಿ. ನಿಮ್ಮ ಮಕ್ಕಳದು ಆರುನೂರಿರಬಹುದು, ಸಂತೋಷ. ಆದರೂ ತಟ್ಟಿ. ಹಾಂ, ಹಾಗೆ.

ಇದು ಹೇಗಾಯಿತು ಎಂದು ಹೇಳುವುದಕ್ಕೇ ನಾನು ಬಂದಿರುವುದು. ನಮ್ಮ ಡ್ರೈವಿಂಗ್ ಶಾಲೆಯ ಇನ್ನೊಬ್ಬ ತರಬೇತುದಾರರ ಮಗ ಹೋದ ವರ್ಷ ಆರುನೂರ ಹನ್ನೆರಡು ತೆಗೆದ. ಅಂದೇ ನಾನು ದಪ್ಪ ಕಾಗದದ ಮೇಲೆ ಆರುನೂರು ಎಂದು ಬರೆದು ಮಗಳ ಮೇಜಿಗೆ ಅಂಟಿಸಿದೆ. ಬಚ್ಚಲ ಕನ್ನಡಿಗೆ ಅಂಟಿಸಿದೆ. ಅನ್ನದ ಕುಕ್ಕರಿಗೂ ಅಂಟಿಸಿದೆ. ನನ್ನ ಹೆಂಡತಿ, ಅನ್ನ ಬಡಿಸೋಕೆ ಮುಚ್ಚಳ ತೆಗೆದ್ರೆ ನಿಮ್ಮ ಆರುನೂರು ಬೆಂದು ಮೆತ್ತಗಾಗಿದೆ ಎಂದು ಛೇಡಿಸಿದಳು. ನಾನು ಹೊಸ ಕಾಗದ ತಂದು ಮತ್ತೆ ಅಂಟಿಸಿದೆ.

ಮಗಳು ಅಕ್ಟೋಬರಿನಲ್ಲಿ ಒಂದು ಅಂಕಪಟ್ಟಿ ತಂದು ಕೊಟ್ಟಳು. ಐನೂರ ನಲವತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ. ನವೆಂಬರಿನ ಪೋಷಕರ ಸಭೆಯಲ್ಲಿ ಎದ್ದು ನಿಂತು, ಮಕ್ಕಳನ್ನು ಐನೂರ ನಲವತ್ತಕ್ಕೆ ತರುವುದು ಹೇಗೆ ಎಂದು ಕಾಲು ಗಂಟೆ ಉಪದೇಶ ಮಾಡಿದೆ. ತರಗತಿಯ ಉಪಾಧ್ಯಾಯಿನಿ ಲುವೋ ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೊರಗೆ ಮೆಟ್ಟಿಲ ಹತ್ತಿರ ಕರೆದು ನಿಜವಾದ ಪಟ್ಟಿ ತೋರಿಸಿದರು. ಮುನ್ನೂರ ತೊಂಬತ್ತೆಂಟು. ಅಕ್ಟೋಬರಿನದು ಅದಕ್ಕಿಂತ ಕಡಿಮೆ. ಮನೆಗೆ ಬಂದದ್ದು ಜೆರಾಕ್ಸ್ ಅಂಗಡಿಯಲ್ಲಿ ಮಗಳೇ ತಯಾರಿಸಿದ ಪಟ್ಟಿ.

ಕ್ಷಮಿಸು ಯೂಸುಯಿ, ಇದನ್ನು ಹೇಳಬಾರದಿತ್ತೇನೋ. ಬಾಯಿಂದ ಬಂದುಬಿಟ್ಟಿತು. ಅವಳಿಗಾದದ್ದಕ್ಕಿಂತ ಹೆಚ್ಚು ಅವಮಾನ ನನಗಾಯಿತು ಎಂದು ನಾನು ಆಗ ತಿಳಿದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಮನೆಗೆ ಹೋಗಿ ಈ ಗಂಟಲನ್ನು ಪೂರ್ತಿ ಬಳಸಿದೆ. ಅವಳು ಅಳಲಿಲ್ಲ. "ಪರೀಕ್ಷೆಗೆ ನಾನು ಕೂರಲ್ಲ, ಅಪ್ಪ. ಬೇಕಾದ್ರೆ ನೀನೇ ಕೂತ್ಕೊ, ಆರುನೂರು ನಿನ್ನದೇ ತಾನೆ" ಎಂದಳು. ಹದಿನೆಂಟು ದಿನ ನನ್ನ ಜೊತೆ ಮಾತಿಲ್ಲ. ಶಾಲೆಗೂ ಹೋಗಲಿಲ್ಲ.

ಲುವೋ ಮೇಡಂ ಮನೆಗೇ ಬಂದರು. ಮಗಳ ಉತ್ತರಪತ್ರಿಕೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಕೈ ತಪ್ಪಿ ಹೋದ ಅಂಕ ಎಷ್ಟು, ಗೊತ್ತೇ ಇಲ್ಲದೆ ಹೋದ ಅಂಕ ಎಷ್ಟು ಎಂದು ಅವಳಿಂದಲೇ ಲೆಕ್ಕ ಹಾಕಿಸಿದರು. ಗಣಿತದ ಕೊನೆಯ ಎರಡು ಲೆಕ್ಕಗಳ ಕಡೆ ತಿರುಗಿಯೂ ನೋಡಬೇಡ, ಮೊದಲ ಎಂಟು ತಪ್ಪದಂತೆ ನೋಡಿಕೋ ಎಂದರು. ಒಂದು ತಿಂಗಳಲ್ಲಿ ಎಷ್ಟು ಏರಿಸಬಲ್ಲೆ ಎಂದು ಅವಳನ್ನೇ ಕೇಳಿದರು. ಅವಳು ಬೆರಳಲ್ಲಿ ಲೆಕ್ಕ ಹಾಕಿ, ಹನ್ನೆರಡು ಎಂದಳು.

ಹನ್ನೆರಡು! ಹನ್ನೆರಡು ಅಂಕಕ್ಕೆ ಯಾರಾದರೂ ತಿಂಗಳು ಒದ್ದಾಡುತ್ತಾರೆಯೇ ಎಂದು ನಾನು ಅಡುಗೆಮನೆಯಿಂದಲೇ ಗೊಣಗಿದೆ. ನೋಡಿ ಸಭಿಕರೇ, ಎಂಥ ಮಡ್ಡ ನಾನು. ಹತ್ತೊಂಬತ್ತು ವರ್ಷದಲ್ಲಿ ಮೊದಲ ದಿನವೇ ಯಾರನ್ನಾದರೂ ಹೆದ್ದಾರಿಗೆ ಕರೆದೊಯ್ದಿದ್ದೇನೆಯೇ? ಇಲ್ಲ. ಮೊದಲ ದಿನ ಕ್ಲಚ್ಚು. ಎರಡನೆಯ ದಿನವೂ ಕ್ಲಚ್ಚು. ತೋಫು ಮಾರುವ ನಿಂಗ್ ಅಕ್ಕನಿಗೆ ಐವತ್ತಾರು ವರ್ಷ. ಅವರಿಗೆ ಹಿಮ್ಮುಖವಾಗಿ ಕಾರು ನಿಲ್ಲಿಸಲು ಕಲಿಸುವಾಗ, ಇವತ್ತು ಎಡಗಡೆ ಕಂಬ ಒಂದು ತಾಗದಿದ್ದರೆ ಸಾಕು ಎನ್ನುತ್ತೇನೆ. ಊರಿನವರಿಗೆಲ್ಲ ಒಂದು ನ್ಯಾಯ, ಹೆತ್ತ ಮಗಳಿಗೆ ಇನ್ನೊಂದು.

ಹೊರಡುವಾಗ ಲುವೋ ಮೇಡಂ ಬಾಗಿಲಲ್ಲಿ ನಿಂತು ಹೇಳಿದ ಮಾತು ಒಂದೇ. "ಯೂಸುಯಿ ಅಪ್ಪ ಅವರೇ, ಅವಳ ಅಂಕ ಅವಳೇ ಬರೀಲಿ. ಇನ್ನೊಂದು ಸಲ ನೀವು ಬರೆದ್ರೆ ಈ ಹುಡುಗಿ ಪರೀಕ್ಷೆಗೆ ಬರಲ್ಲ, ಆಮೇಲೆ ನನ್ನ ಕೈಲೂ ಆಗಲ್ಲ."

ಡಿಸೆಂಬರಿನಲ್ಲಿ ಅವಳು ಹನ್ನೆರಡು ಎಂದದ್ದಕ್ಕೆ ಹದಿನಾಲ್ಕು ಏರಿತು. ಫೋನು ಬಂದಾಗ ನಾನು ಬಯಲಲ್ಲಿದ್ದೆ. ಎಂಥ ಕೂಗು ಹಾಕಿದೆನೆಂದರೆ ನಿಂಗ್ ಅಕ್ಕ ಹೆದರಿ ಕಂಬಕ್ಕೆ ಗುದ್ದಿದರು. ಜನವರಿಯಲ್ಲಿ ಹದಿಮೂರು ಎಂದದ್ದಕ್ಕೆ ಹತ್ತೊಂಬತ್ತು. ಈಗ ಅವಳು ರಾತ್ರಿ ಹತ್ತೂವರೆಗೆ ಮಲಗುತ್ತಾಳೆ. ಊಟಕ್ಕೆ ಕೂತು ನನ್ನನ್ನು ಗೇಲಿ ಮಾಡುತ್ತಾಳೆ. ನರ್ಸಿಂಗ್ ಪದವಿ ಓದುತ್ತಾಳಂತೆ, ಅದಕ್ಕೆ ನಾನೂರ ನಲವತ್ತರ ಆಸುಪಾಸು ಸಾಕಂತೆ. ಸಾಧ್ಯವಾಗುವ ಗುರಿ ಇಟ್ಟುಕೊಂಡರೆ ಮನುಷ್ಯ ಹೀಗೆ ಅರಳುತ್ತಾನೆ, ಸಭಿಕರೇ! ಪೋಷಕರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ: ಮಕ್ಕಳ ಗುರಿಯನ್ನು ಮಕ್ಕಳೇ ಬರೆಯಲಿ.

ಸರಿ, ಇನ್ನು ಪ್ರತಿಜ್ಞೆ. ನನ್ನ ಹಿಂದಿನ ಕೆಂಪು ಬಟ್ಟೆಯ ಮೇಲೆ ನಿಮ್ಮೆಲ್ಲರ ಗುರಿಯ ಚೀಟಿಗಳಿವೆ, ಇಂದು ಬೆಳಿಗ್ಗೆ ತಂದೆ ತಾಯಿಯರು ಪದ್ಧತಿಯಂತೆ ಸ್ವಂತ ಕೈಯಿಂದ ಪಿನ್ನು ಹಾಕಿದ್ದಾರೆ. ಪ್ರತಿಜ್ಞೆಯ ಸಾಲುಗಳನ್ನು ಬರೆದ ಕಾಗದ ಜೇಬಿನಲ್ಲೇ ಇದೆ. ಒಂದು ನಿಮಿಷ.

ಇದಲ್ಲ.

ಇದು ಪ್ರತಿಜ್ಞೆಯ ಕಾಗದವಲ್ಲ. ಇದು ಯೂಸುಯಿಯ ಚೀಟಿ.

ಲುವೋ ಮೇಡಂ, ದಯವಿಟ್ಟು ಎದ್ದು ನಿಲ್ಲಬೇಡಿ, ನಾನೇ ಹೇಳುತ್ತೇನೆ. ಬೆಳಿಗ್ಗೆ ಮಗಳು ಈ ಚೀಟಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ತರಗತಿಗೆ ಹೋದಳು. ಬಿಡಿಸಿ ನೋಡಿದೆ. ನಾನೂರ ಐವತ್ತು. ನನಗೆ ಬೇಸರವಾಗಲಿಲ್ಲ, ದೇವರಾಣೆ. ಆದರೆ ಪಿನ್ನು ಹಿಡಿದು ಬಟ್ಟೆಯ ಮುಂದೆ ನಿಂತಾಗ ಎಡಕ್ಕೆ ಆರುನೂರ ಇಪ್ಪತ್ತು, ಬಲಕ್ಕೆ ಆರುನೂರ ಎಂಬತ್ತು. ಪಕ್ಕದಲ್ಲೊಬ್ಬ ತಾಯಿ ನನ್ನ ಕೈಯ ಕಡೆಗೇ ನೋಡುತ್ತಿದ್ದರು. ಮೇಜಿನ ಮೇಲೆ ಖಾಲಿ ಚೀಟಿಗಳಿದ್ದವು. ಒಂದನ್ನು ತೆಗೆದುಕೊಂಡೆ, ಆರುನೂರು ಎಂದು ಬರೆದೆ, ಚುಚ್ಚಿದೆ. ಯಾರಿಗೆ ಗೊತ್ತಾಗುತ್ತದೆ, ಸಭೆ ಮುಗಿದ ಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ. ಇಷ್ಟು ಹೊತ್ತು ನಿಮಗೆಲ್ಲ ಉಪದೇಶ ಮಾಡಿದವನು ಇದನ್ನು ಮಾಡಿಯೇ ಈ ವೇದಿಕೆ ಹತ್ತಿದ್ದೇನೆ.

ಅಂಕದ ಕೆಳಗೆ ಇನ್ನೊಂದು ಸಾಲಿದೆ. ಬೆಳಿಗ್ಗೆ ಅದನ್ನು ಓದಲಿಲ್ಲ, ಅಂಕ ನೋಡಿದವನೇ ಮಡಿಸಿಬಿಟ್ಟಿದ್ದೆ. ಕನ್ನಡಕ ಎಲ್ಲಿ? ಹಾಂ. "ಅಪ್ಪ, ಈ ಸಲ ನಿಜವಾದ ಅಂಕ ಬರ್ದಿದ್ದೀನಿ. ನಿಂಗೆ ಧೈರ್ಯವಾಗಿ ತೋರಿಸ್ತಾ ಇದ್ದೀನಿ."

ಯೂಸುಯಿ, ತಲೆ ಎತ್ತಮ್ಮ. ನಮ್ಮ ಮನೆಯಲ್ಲಿ ಈಗ ಸುಳ್ಳು ಅಂಕ ಬರೆದಿರುವವನು ನಾನೊಬ್ಬನೇ. ಅಂದು ನಾನು ಬೈದಷ್ಟೇ ಜೋರಾಗಿ ನನ್ನನ್ನು ಬೈಯುವ ಹಕ್ಕು ನಿನಗಿದೆ, ಮನೆಗೆ ಹೋದ ಮೇಲೆ ಬೈಯಿ, ನಿಂತು ಕೇಳುತ್ತೇನೆ. ಆದರೆ ಪರೀಕ್ಷೆಗೆ ಮಾತ್ರ ಕೂರು. ನನಗಾಗಿ ಅಲ್ಲ, ಆ ನಾನೂರ ಐವತ್ತು ನಿನ್ನದು, ಅದಕ್ಕಾಗಿ.

ಮಾನ್ಯ ಪ್ರಾಂಶುಪಾಲರೇ, ಕಾರ್ಯಕ್ರಮಕ್ಕೆ ತಡವಾಗುತ್ತಿದೆ, ಬಲ್ಲೆ. ಮಾತನಾಡಲು ಅವಕಾಶ ಕೊಟ್ಟ ತಮಗೂ, ನನ್ನ ಮಗಳನ್ನು ಶಾಲೆಗೆ ಮರಳಿ ತಂದ ಲುವೋ ಮೇಡಂ ಅವರಿಗೂ, ಮೂವತ್ತಮೂರು ಅಂಕಕ್ಕೆ ಚಪ್ಪಾಳೆ ತಟ್ಟಿದ ನಿಮಗೂ ತುಂಬು ಹೃದಯದ ಕೃತಜ್ಞತೆಗಳು. ಮಕ್ಕಳೇ, ಪ್ರತಿಜ್ಞೆ ಆಮೇಲೆ, ಅದಕ್ಕೆಂದು ಎತ್ತಿದ ಮುಷ್ಟಿಗಳನ್ನು ಸ್ವಲ್ಪ ಇಳಿಸಿಕೊಳ್ಳಿ. ಈ ಕೆಂಪು ಬಟ್ಟೆಯ ಮೇಲೆ ನಿಮ್ಮ ಹೆಸರಿಗೆ ನಿಮ್ಮ ಕೈಬರಹವಲ್ಲದ ಚೀಟಿ ಇದ್ದರೆ ನೀವೂ ಬನ್ನಿ, ಪಿನ್ನು ನಾನು ತೆಗೆದುಕೊಡುತ್ತೇನೆ. ಓ, ಇಷ್ಟೊಂದು ಜನವೇ? ಬನ್ನಿ, ಬನ್ನಿ, ನೂಕಬೇಡಿ. ಯೂಸುಯಿ, ಮೊದಲು ನೀನು ಬಾ, ಆ ಆರುನೂರು ಕಿತ್ತು ನಿನ್ನ ಚೀಟಿ ನೀನೇ ಚುಚ್ಚು. ಎಲ್ಲರಿಗೂ ನಮಸ್ಕಾರ.