ಹೋದ ವರ್ಷದ ನೀರು

ಬಸ್ಸು ನೇತ್ರಾವತಿ ಸೇತುವೆ ಹತ್ತುವಾಗ ಜೆಪ್ಪಿನ ಹೇಮಾಕ್ಷಿ, ಮನೆಯ ಬಾವಿಯಿಂದ ತುಂಬಿಸಿ ತಂದ ಬಾಟಲಿಯನ್ನು ಬಾಯಿಗೆತ್ತಿದಳು. ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದ ಇಬ್ಬರು ವಿದ್ಯಾರ್ಥಿಗಳಿದ್ದರು.

“ಎಂತ ಕೌಶಲ್, ನೀರಿನ ಟೆಸ್ಟ್ ರಿಪೋರ್ಟ್ ಮತ್ತೆ ಅರ್ಧದಲ್ಲಿ ನಿಂತಿತಾ?”

“ನಿಂತಿದ್ರೆ ಒಳ್ಳೆದಿತ್ತು, ಬೆನಿಟಾ. ಈ ವರ್ಷದ ಗ್ರಾಫಿನ ಫೈಲ್ ಹೆಸರಿಗೆ ಸರ್ ‘ಫೈನಲ್’ ಅಂತ ಬಾಲ ಸೇರಿಸಿದ್ರು. ರಿಪೋರ್ಟ್ ಮಾಡುವ ಪ್ರೋಗ್ರಾಮಿಗೆ ಅದು ಸಿಗ್ಲಿಲ್ಲ, ಹೋದ ವರ್ಷದ್ದನ್ನೇ ಹಾಕಿತು.”

“ಹೆಸರು ಸರಿ ಮಾಡ್ಬೇಕಿತ್ತಲ್ಲ?”

“ಮಾಡಿದೆ ಮಾರಾಯ್ತಿ. ಆಗ ಜೆಪ್ಪಿನ ಬಾವಿ ನೀರು ಕುಡಿಯುವ ಹಾಗಿಲ್ಲ ಅಂತ ಬಂತು. ನಿನ್ನೆ ಚಂದ ಇದ್ದದ್ದನ್ನು ಯಾಕೆ ಹಾಳು ಮಾಡಿದ್ದು ಅಂತ ಸರ್ ಬೈದ್ರು.”

“ಮತ್ತೆ?”

“ಮತ್ತೆಂತ, ಹಳೆಯದ್ದನ್ನೇ ಹಾಕಿ ಕಳಿಸಿದೆ. ಈಗ ಒಂದೂ ಎರರ್ ಇಲ್ಲ.”

ತೊಕ್ಕೊಟ್ಟು ಬಂತು. ಇಬ್ಬರೂ ನಗುತ್ತ ಇಳಿದುಹೋದರು. ಹೇಮಾಕ್ಷಿ ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು. ಅರ್ಧ ಕುಡಿದಾಗಿತ್ತು.